ಕೈ ತೆಗೆದ ಮೇಲೂ

ಆಯುಧಪೂಜೆ ಹತ್ತಿರ ಬಂದಾಗ ಮ್ಯಾನೇಜರ್ ವರದರಾಜನ್ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಬೂಟು ಕಳಚಿಟ್ಟು ಒಳಗೆ ಬಂದರು. ಪೂಜೆಯ ದಿನ ಕಾರ್ಖಾನೆ ನೋಡಲು ಕೆಲಸಗಾರರ ಮನೆಯವರೆಲ್ಲ ಬರುತ್ತಾರೆ, ಲೇತು ತಿರುಗುವುದನ್ನು ನೋಡಿ ಖುಷಿಪಡುತ್ತಾರೆ, ಆದರೆ ಈ ಪೆಟ್ಟಿಗೆಯ ಮುಂದೆ ನಿಂತು ಏನು ನೋಡಬೇಕು ಎಂದು ಕೇಳಿದರು.

"ಸಂಬಳದ ಲೆಕ್ಕ ತೋರಿಸಿದರೆ ಜಗಳಕ್ಕೆ ಬರ್ತಾರೆ. ಒಂದು ಆಟ ಇರಲಿ. ಮನೆ ಹೆಂಗಸರು, ಮಕ್ಕಳು ಕೂತು ಆಡೋ ಹಾಗೆ. ಯಾರು ಬರೀತೀರಿ?"

ಅದು ಎಂಬತ್ತಾರನೆಯ ಇಸವಿ. ಹೊಸೂರಿನ ಆ ಗಿಯರ್ ಚಕ್ರದ ಕಾರ್ಖಾನೆಯಲ್ಲಿ ಕಂಪ್ಯೂಟರು ಇದ್ದದ್ದು ಒಂದೇ. ಅದನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು. ಗೋಪಾಲಪ್ಪ ಹತ್ತಿರದ ಅವಲಪಲ್ಲಿಯವನು, ಕೃಷ್ಣಗಿರಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಸ್ಟೋರ್ಸಿನಲ್ಲಿ ವರ್ಷಗಟ್ಟಲೆ ಬೋಲ್ಟು ನಟ್ಟು ಎಣಿಸಿ, ಕಂಪ್ಯೂಟರು ಬಂದಾಗ ತಾನೇ ಕೈಪಿಡಿ ಓದಿ ಕಲಿತವನು. ಚನ್ನಕೇಶವ ಹಾಸನದ ಕಡೆಯ ಹುಡುಗ, ಇಪ್ಪತ್ತರ ಆಚೀಚೆ. ಬೆಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಈಚೆಗೆ ಸೇರಿದ್ದ. ಗೋಪಾಲಪ್ಪನ ಮನೆಯ ಹಿಂದಿನ ಕೋಣೆಯಲ್ಲೇ ಬಾಡಿಗೆಗೆ ಇದ್ದ.

"ನಾನು ಬರೀತೀನಿ ಸಾರ್," ಎಂದ ಗೋಪಾಲಪ್ಪ.

"ನಾನೂ ಒಂದು ಬರೀಲಾ ಸಾರ್?" ಎಂದ ಚನ್ನಕೇಶವ, ಗೋಪಾಲಪ್ಪನ ಕಡೆ ನೋಡಿ, ಅಪ್ಪಣೆ ಕೇಳುವವನ ಹಾಗೆ.

"ಇಬ್ಬರೂ ಬರೀರಿ. ಇರೋದು ಒಂದು ಸ್ಕ್ರೀನು. ಚೆನ್ನಾಗಿರೋದನ್ನ ಇಡೋಣ."

ಗೋಪಾಲಪ್ಪ ಆ ಸಂಜೆಯೇ ಹೆಂಡತಿ ಭಾಗ್ಯಮ್ಮನಿಗೆ ಹೇಳಿದ. "ಆಯುಧಪೂಜೆ ದಿನ ಬಾ. ಎಲ್ಲಾರ ಮುಂದೆ ಮೊದ್ಲು ನಿನ್ನೇ ಕೂರುಸ್ತೀನಿ. ನನ್ ಆಟ ನೀನೇ ಆಡ್ಬೇಕು."

"ನಂಗ್ಯಾವ ಇಂಗ್ಲೀಸು ಬತ್ತದೆ? ಎಲ್ಲಾರ ಮುಂದೆ ನಗೆಪಾಟ್ಲು ಮಾಡ್ಬ್ಯಾಡಿ."

"ಇಂಗ್ಲೀಸು ಬ್ಯಾಡ. ಆಡು-ಹುಲಿ ಕಣೇ."

ಭಾಗ್ಯಮ್ಮನ ಮುಖ ಅರಳಿತು. ಆಡು-ಹುಲಿಯಲ್ಲಿ ಅವಳನ್ನು ಸೋಲಿಸಿದವರು ಆ ಬೀದಿಯಲ್ಲಿ ಇರಲಿಲ್ಲ. ಮೂರು ಹುಲಿಗಳನ್ನು ಆಡುಗಳಿಂದ ಸುತ್ತುಗಟ್ಟಿ ಉಸಿರು ನಿಲ್ಲಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆ ಮುಖವನ್ನು ಕಂಪ್ಯೂಟರಿನ ಹಸಿರು ಬೆಳಕಿನಲ್ಲಿ ನೋಡಬೇಕು, ಇಡೀ ಕಾರ್ಖಾನೆ ಅದನ್ನು ನೋಡಬೇಕು ಎಂಬುದಷ್ಟೇ ಗೋಪಾಲಪ್ಪನ ಆಸೆ. ಉಳಿದದ್ದೆಲ್ಲ ಆ ಆಸೆಯ ಸುತ್ತ ಬೆಳೆಯಿತು.

ಅವನು ಆಟದ ಮನೆಯನ್ನು ಸ್ಕ್ರೀನಿನ ಮೇಲೆ ಗೆರೆಗಳಿಂದ ಬಿಡಿಸಿ, ಗೆರೆಗಳು ಕೂಡುವ ಒಂದೊಂದು ಜಾಗಕ್ಕೂ ಒಂದೊಂದು ಸಂಖ್ಯೆ ಕೊಟ್ಟ. ಆಡುವವರು ಎಲ್ಲಿಂದ ಎಲ್ಲಿಗೆ ಎಂದು ಸಂಖ್ಯೆ ಒತ್ತಬೇಕು, ಆಮೇಲೆ ರಿಟರ್ನ್ ಕೀ ಒತ್ತಬೇಕು. ತಪ್ಪು ನಡೆಯಾದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ, ಸರಿಯಾದದ್ದನ್ನು ಕೇಳುತ್ತದೆ. ಕೀಬೋರ್ಡಿನಿಂದ ಅಕ್ಷರ ತೆಗೆದುಕೊಳ್ಳಲು ಅವನು ಕಲಿತ ಬೇಸಿಕ್ ಭಾಷೆಯಲ್ಲಿ ಎರಡು ದಾರಿಗಳಿದ್ದವು. ಒಂದರಲ್ಲಿ ಪ್ರೋಗ್ರಾಮು ಪ್ರಶ್ನೆ ಹಾಕಿ ನಿಂತುಬಿಡುತ್ತದೆ. ಎದುರಿನವರು ಬರೆದು, ಅಳಿಸಿ, ತಿದ್ದಿ, ರಿಟರ್ನ್ ಒತ್ತುವವರೆಗೆ ಕಾಯುತ್ತದೆ. ಇನ್ನೊಂದರಲ್ಲಿ ಅದು ನಿಲ್ಲುವುದಿಲ್ಲ. ತನ್ನ ಕೆಲಸ ಮಾಡುತ್ತಲೇ, ಯಾವುದಾದರೂ ಕೀ ಒತ್ತಿದ್ದಾರೆಯೇ ಎಂದು ಆಗಾಗ ಇಣುಕುತ್ತದೆ. ಒತ್ತಿದ್ದರೆ ತೆಗೆದುಕೊಳ್ಳುತ್ತದೆ, ಇಲ್ಲವಾದರೆ ಮುಂದೆ ಹೋಗುತ್ತದೆ. ಗೋಪಾಲಪ್ಪನಿಗೆ ಮೊದಲನೆಯದೇ ಸರಿ ಎನ್ನಿಸಿತ್ತು. ಎರಡನೆಯದು ಮಾತು ಮುಗಿಸಲು ಬಿಡದೆ ಉತ್ತರ ಕಿತ್ತುಕೊಂಡ ಹಾಗೆ.

ಚನ್ನಕೇಶವ ಎರಡನೆಯದನ್ನು ಹಿಡಿದ.

ಅವನಿಗೆ ಆಟ ಹೊಳೆದದ್ದೂ ಗೋಪಾಲಪ್ಪನ ಜಗಲಿಯ ಮೇಲೆಯೇ. ಭಾನುವಾರ ಅವನು ಅವರ ಮನೆಯಲ್ಲೇ ಊಟ ಮಾಡುವ ರೂಢಿ. ಮುದ್ದೆ ಮುರಿಯುತ್ತ, "ಅಕ್ಕಾ, ನಿಮ್ಮ ತವರಿಗೆ ಬಸ್ಸು ಹೋಗುತ್ತಾ?" ಎಂದು ಕೇಳಿದ. ಭಾಗ್ಯಮ್ಮ ಅಂಚೆಟ್ಟಿಯಿಂದಾಚೆ, ಕಾಡಿನ ನಡುವಿನ ನಾಟ್ರಾಂಪಾಳ್ಯದವಳು.

"ಹೋಯ್ತದೆ, ದೇವ್ರು ಮನಸು ಮಾಡಿದ್ರೆ," ಎಂದು ಅವಳು ಶುರುಮಾಡಿದಳು. ಘಾಟಿಯ ತಿರುವುಗಳು, ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ, ಡ್ರೈವರು ಸ್ಟೇರಿಂಗು ತಿರುಗಿಸಿದಾಗ ಬಸ್ಸಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳುವುದು, ಒಂದು ಸಲ ಅವಳ ಮಡಿಲಿಗೆ ಯಾರದೋ ಹೇಂಟೆ ಬಂದು ಕೂತು ಅಲ್ಲೇ ಮೊಟ್ಟೆ ಇಟ್ಟದ್ದು. "ಮೊಟ್ಟೆ ನಂದು ಅಂತ ನಾನು, ಕೋಳಿ ನಂದು ಅಂತ ಅವ್ಳು. ಅಂಚೆಟ್ಟಿ ಬರೋಗಂಟ ನ್ಯಾಯ!"

ಚನ್ನಕೇಶವ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ. ಭಾಗ್ಯಮ್ಮ ಅವನ ತಲೆ ತಟ್ಟಿ ನೀರು ಕೊಟ್ಟಳು.

ಗೋಪಾಲಪ್ಪ ಆ ಮೊಟ್ಟೆಯ ಕತೆಯನ್ನು ಅದೇ ಮೊದಲ ಸಲ ಕೇಳಿದ್ದು. ಊಟವಾದ ಮೇಲೆ, "ನಂಗೆ ಯಾವತ್ತೂ ಯೋಳ್ಲಿಲ್ವಲ್ಲ," ಎಂದ.

"ನೀವ್ ಯಾವತ್ತು ಕೇಳಿದ್ರಿ?" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಮುಂದಿನ ವಾರ ಚನ್ನಕೇಶವನ ಆಟ ಸಿದ್ಧವಾಯಿತು. ಸ್ಕ್ರೀನಿನ ಮೇಲೆ ಎರಡು ಸಾಲು ನಕ್ಷತ್ರ ಚಿಹ್ನೆಗಳು ರಸ್ತೆಯ ಎರಡು ಅಂಚು. ಸಾಲಿನ ಮೇಲೆ ಸಾಲು ಬರುತ್ತಿದ್ದ ಹಾಗೆ ರಸ್ತೆ ಎಡಕ್ಕೂ ಬಲಕ್ಕೂ ಬಳುಕುತ್ತದೆ. ನಡುವೆ ಒಂದು ಅಕ್ಷರ, ಅದೇ ಬಸ್ಸು. ಕೀ ಒತ್ತಿದರೆ ಬಸ್ಸು ಆ ಕಡೆಗೆ ಸರಿಯುತ್ತದೆ, ರಿಟರ್ನ್ ಬೇಕಿಲ್ಲ. ನಕ್ಷತ್ರಕ್ಕೆ ತಾಗಿದರೆ ಬಸ್ಸು ಹಳ್ಳಕ್ಕೆ. ತಾಗದೆ ಕೊನೆ ಮುಟ್ಟಿದರೆ ನಾಟ್ರಾಂಪಾಳ್ಯ.

ಯಾವ ಕೀ ಎಂಬುದಕ್ಕೆ ಒಂದು ಸಣ್ಣ ವಾದವೇ ನಡೆಯಿತು. "ಎಡಕ್ಕೆ ಇ, ಬಲಕ್ಕೆ ಬಿ ಇಡು, ಜನಕ್ಕೆ ನೆನಪಿರ್ತದೆ," ಎಂದ ಗೋಪಾಲಪ್ಪ. ಏಸಿ ರಿಪೇರಿಗೆ ಬಂದಿದ್ದ ಫಿಟ್ಟರ್ ಸೊಣ್ಣಪ್ಪ ಸ್ಪ್ಯಾನರು ಕೆಳಗಿಟ್ಟು, "ಅದು ನಿಮಗೆ ಸ್ವಾಮಿ. ನಮ್ಮನೆಯಾಗೆ ತೆಲುಗು. ಬಲಕ್ಕೆ ನಾವು ಕುಡಿ ಅಂತೀವಿ. ಮ್ಯಾನೇಜರ್ ಮನೆಯವ್ರು ತಮಿಳಲ್ಲಿ ವಲದು ಅಂತಾರೆ. ಮೂರು ಜನದ ಹೆಂಡ್ರು ಮೂರು ಬಟನ್ ಒತ್ತಿದ್ರೆ ಬಸ್ಸು ಎಲ್ಗೋಯ್ತದೆ?" ಎಂದ. ಚನ್ನಕೇಶವ ಯೋಚಿಸಿ, ಅಕ್ಷರದ ಸಹವಾಸವೇ ಬೇಡವೆಂದು, ನಡುವಿನ ಸಾಲಿನ ಎಡತುದಿಯ ಎ ಮತ್ತು ಬಲತುದಿಯ ಎಲ್ ಕೀಗಳನ್ನು ಆರಿಸಿಕೊಂಡ. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ತನಗೆ ಇಷ್ಟು ಸರಳವಾದದ್ದು ಹೊಳೆಯಲಿಲ್ಲವಲ್ಲ ಎಂದು ಗೋಪಾಲಪ್ಪನ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು.

ಶನಿವಾರ ವರದರಾಜನ್ ಎರಡನ್ನೂ ಆಡಿ ನೋಡಿದರು. ಆಡು-ಹುಲಿಯ ಮುಂದೆ ಕೂತು ಸಂಖ್ಯೆ ಒತ್ತಿ, ಕೈಕಟ್ಟಿ ಕಾದರು. ಕಂಪ್ಯೂಟರೂ ಕಾಯುತ್ತ ನಿಂತಿತು.

"ಎನ್ನಪ್ಪ, ತೂಂಗಿಟ್ಟಿದಾ? ನಿದ್ದೆ ಹೋಯ್ತಾ ಇದು?"

"ರಿಟರ್ನ್ ಒತ್ತಬೇಕು ಸಾರ್."

ಒತ್ತಿದರು. ಮುಂದಿನ ನಡೆಗೆ ಮತ್ತೆ ಮರೆತರು. "ಪ್ರತಿ ಸಲಾನೂ ಒತ್ತಬೇಕಾ? ರಿಜಿಸ್ಟರ್ ಆಫೀಸಲ್ಲಿ ಪ್ರತಿ ಪುಟಕ್ಕೂ ಸೈನ್ ಹಾಕಿದ ಹಾಗಿದೆ."

ಆಮೇಲೆ ಬಸ್ಸಿನ ಆಟಕ್ಕೆ ಕೂತರು. ಒಂದು ಕಾಲದಲ್ಲಿ ಟೈಪಿಸ್ಟಾಗಿದ್ದ ಅವರ ಬೆರಳು ಕೀಗಳನ್ನು ಟಕ್ ಟಕ್ಕೆಂದು ತಟ್ಟಿತು. ಬಸ್ಸು ತಿರುವಿನಲ್ಲಿ ಬಾಗಿದಾಗ ಅವರೂ ಕುರ್ಚಿಯಲ್ಲಿ ಬಾಗಿದರು. ಹಳ್ಳಕ್ಕೆ ಬಿದ್ದಾಗ "ಅಯ್ಯೋ!" ಎಂದು ಕೂಗಿ, ಮತ್ತೆ ಆಡಿದರು. ಯಾವುದನ್ನು ಇಡುವುದೆಂದು ಯಾರೂ ಕೇಳಬೇಕಾಗಲಿಲ್ಲ.

"ಗೋಪಾಲಪ್ಪ, ನಿಮ್ಮದು ಬುದ್ಧಿವಂತರ ಆಟ," ಎಂದು ಹೋಗುವಾಗ ಹೇಳಿದರು. ಅದು ಸಮಾಧಾನದ ಮಾತು ಎಂಬುದೇ ಹೆಚ್ಚು ನೋಯಿಸಿತು.

ಚನ್ನಕೇಶವ ಟೀ ತರಲು ಕ್ಯಾಂಟೀನಿಗೆ ಹೋದಾಗ ಗೋಪಾಲಪ್ಪ ಆ ಆಟದ ಮುಂದೆ ಒಬ್ಬನೇ ಕೂತ. ಮೊದಲು ಮ್ಯಾನೇಜರ ಹಾಗೆಯೇ ತಟ್ಟಿ ತಟ್ಟಿ ಆಡಿದ. ತಪ್ಪಿಲ್ಲ. ಆಮೇಲೆ, ಕೀಬೋರ್ಡು ಕಾಣದವರು ಹೇಗೆ ಒತ್ತಬಹುದು ಎಂದು ಯೋಚಿಸಿ, ಎಲ್ ಕೀಯನ್ನು ಕರೆಗಂಟೆಯ ಗುಂಡಿ ಒತ್ತುವ ಹಾಗೆ ಅದುಮಿ ಹಿಡಿದ. ಬಸ್ಸು ಬಲಕ್ಕೆ ಸರಿಯಿತು. ಕೈ ತೆಗೆದ. ಬಸ್ಸು ನಿಲ್ಲಲಿಲ್ಲ. ತನ್ನ ಪಾಡಿಗೆ ಬಲಕ್ಕೆ, ಇನ್ನೂ ಬಲಕ್ಕೆ ಹೋಗಿ ನಕ್ಷತ್ರಕ್ಕೆ ಬಡಿಯಿತು.

ಕಾರಣ ಅವನಿಗೆ ಆ ಕ್ಷಣವೇ ತಿಳಿಯಿತು. ಕೀ ಅದುಮಿ ಹಿಡಿದರೆ ಯಂತ್ರ ಅದೇ ಅಕ್ಷರವನ್ನು ಒಂದರ ಹಿಂದೆ ಒಂದು ಕಳಿಸುತ್ತ ಹೋಗುತ್ತದೆ. ಪ್ರೋಗ್ರಾಮು ರಸ್ತೆಯ ಒಂದು ಸಾಲಿಗೆ ಒಂದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಮಿಕ್ಕವು ಒಳಗೆ ಸಾಲಾಗಿ ನಿಂತಿರುತ್ತವೆ. ಗೇಟಿನಲ್ಲಿ ಸೈರನ್ ನಿಂತ ಮೇಲೂ ಕಾರ್ಡು ಪಂಚ್ ಮಾಡಲು ಜನ ಸಾಲಿನಲ್ಲಿ ನಿಂತಿರುವ ಹಾಗೆ, ಬೆರಳು ಎತ್ತಿದ ಮೇಲೂ ಅವು ಒಂದೊಂದಾಗಿ ತಮ್ಮ ಪಾಳಿಗೆ ಬರುತ್ತಲೇ ಇರುತ್ತವೆ. ಪರಿಹಾರ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು: ಒಂದು ಅಕ್ಷರ ತೆಗೆದುಕೊಂಡ ಮೇಲೆ, ಹಿಂದೆ ನಿಂತವನ್ನೆಲ್ಲ ತೆಗೆದು ಎಸೆದುಬಿಡುವುದು.

ಅವನು ಆ ಸಾಲನ್ನು ಬರೆಯಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕೂತ.

ಚನ್ನಕೇಶವ ಎರಡು ಲೋಟ ಹಿಡಿದು ಬಂದ. "ಹೇಗಿದೆ ಸಾರ್? ತಪ್ಪು ಏನಾದರೂ ಸಿಕ್ತಾ? ನಿಮ್ಮ ಕಣ್ಣು ತಪ್ಪಿಸಿ ಯಾವ ತಪ್ಪೂ ಹೋಗಲ್ಲ ಅಂತ ಅಕ್ಕ ಹೇಳ್ತಿದ್ದರು."

"ಚೆನ್ನಾಗೈತೆ," ಎಂದ ಗೋಪಾಲಪ್ಪ. ಟೀ ಆರುವವರೆಗೆ ಕುಡಿಯಲಿಲ್ಲ.

ಪೂಜೆಯ ದಿನ ಗೇಟಿನಲ್ಲಿ ಬೂದುಗುಂಬಳ ಒಡೆದು, ಮೆಷಿನ್ ಶಾಪಿನ ಲೇತುಗಳಿಗೆಲ್ಲ ಬಾಳೆಕಂದು ಕಟ್ಟಿ, ಪುರಿ ಕಡಲೆ ಹಂಚಿ ಮುಗಿಯುವಾಗ ಬಿಸಿಲು ಏರಿತ್ತು. ಸೀರೆಯ ಸರಬರ, ಮಕ್ಕಳ ಗಲಾಟೆ, ಮೂರು ಭಾಷೆಯ ಮಾತು ಕಂಪ್ಯೂಟರ್ ರೂಮಿನವರೆಗೆ ಬಂದವು. ಧೂಪ ಒಳಗೆ ಬೇಡವೆಂದು ಗೋಪಾಲಪ್ಪ ಹೊರಗೇ ಹಚ್ಚಿಸಿದ್ದ. ಸ್ಕ್ರೀನಿಗೆ ಸೇವಂತಿಗೆ ಹಾರ ಬಿದ್ದಿತ್ತು. ಆರತಿ ಬೆಳಗಲು ವರದರಾಜನ್ ಭಾಗ್ಯಮ್ಮನನ್ನೇ ಕರೆದರು. "ಇಲ್ಲಿ ಸೀನಿಯರ್ ಗೋಪಾಲಪ್ಪ. ಅವರ ಮನೆಯವರೇ ಮಾಡಲಿ. ಮೊದಲ ಆಟವೂ ಅವರದೇ."

ಮೊದಲ ಆಟ. ಗೋಪಾಲಪ್ಪನಿಗೆ ಅದು ಹೊಳೆದಿರಲಿಲ್ಲ. ಮ್ಯಾನೇಜರ ಮಗನೋ, ಸೊಣ್ಣಪ್ಪನ ಹೆಂಡತಿಯೋ ಕೂರುತ್ತಾರೆ, ಬಸ್ಸು ಹಳ್ಳಕ್ಕೆ ಬೀಳುತ್ತದೆ, ಚನ್ನಕೇಶವನ ಮುಖ ಸಣ್ಣದಾಗುತ್ತದೆ ಎಂದಷ್ಟೇ ಅವನು ಮನಸ್ಸಿನಲ್ಲಿ ಆಡಿ ನೋಡಿಕೊಂಡಿದ್ದ.

ಅವನು ಭಾಗ್ಯಮ್ಮನಿಗೆ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚನ್ನಕೇಶವ ಅವಳಿಗೆ ಕೀ ತೋರಿಸುತ್ತಿದ್ದ. "ಇದು ಎಡಕ್ಕೆ, ಇದು ಬಲಕ್ಕೆ ಅಕ್ಕಾ."

"ಎಲ್ಲಾ ಒಂದೇ ತರ ಅವೆ. ಬಸ್ಸು ನೋಡ್ಲಾ, ಬಟನ್ ನೋಡ್ಲಾ? ತಡಿ," ಎಂದಳು ಅವಳು. ಆರತಿ ತಟ್ಟೆಯಿಂದ ಬೆರಳ ತುದಿಗೆ ಅರಿಶಿನ ತೆಗೆದುಕೊಂಡು ಎಡಗಡೆಯ ಕೀಗೆ ಒಂದು ಬೊಟ್ಟು, ಕುಂಕುಮ ತೆಗೆದುಕೊಂಡು ಬಲಗಡೆಯದಕ್ಕೆ ಒಂದು ಬೊಟ್ಟು ಇಟ್ಟಳು. "ಹಾಂ. ಪೂಜೇನೂ ಆಯ್ತು, ಗುರುತೂ ಆಯ್ತು. ಅರಿಶಿನಕ್ಕೆ ಬಂಡೆ ಕಡೆ, ಕುಂಕುಮಕ್ಕೆ ಕಣಿವೆ ಕಡೆ."

ನಿಂತಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಯಾವ ಭಾಷೆಯವರಿಗೂ ವಿವರಿಸುವ ಅಗತ್ಯ ಉಳಿಯಲಿಲ್ಲ. "ಅಕ್ಕಾ, ಇದು ನನಗೆ ಹೊಳೀಲೇ ಇಲ್ವಲ್ಲ!" ಎಂದ ಚನ್ನಕೇಶವ.

ಗೋಪಾಲಪ್ಪನ ಗಂಟಲಿಗೆ ಬಂದಿದ್ದ ಮಾತು ಬೇರೆಯೇ ಆಗಿ ಹೊರಬಂತು. "ಏಯ್, ಅದ್ಯಾಕೆ ಇಟ್ಟೆ? ಪುಡಿ ಒಳಿಕ್ಕೋದ್ರೆ ಕೀ ಕಚ್ಕೊತದೆ. ಇದೇನು ಒಳಕಲ್ಲಾ?"

ದನಿ ಜೋರಾಗಿತ್ತು. ಎಲ್ಲರೂ ಅವನ ಕಡೆ ನೋಡಿದರು.

"ಒಂದು ಬೊಟ್ಟು ತಾನೆ ಗೋಪಾಲಪ್ಪ," ಎಂದರು ವರದರಾಜನ್. "ಪೂಜೆ ದಿನ ಬೇಡ ಅನ್ನಬಾರದು."

ಭಾಗ್ಯಮ್ಮ ಗಂಡನನ್ನು ನೋಡದೆ ಕುರ್ಚಿಯ ತುದಿಯಲ್ಲಿ ಕೂತಳು. ಚನ್ನಕೇಶವ ಆಟ ಶುರುಮಾಡಿದ. ನಕ್ಷತ್ರಗಳ ರಸ್ತೆ ಹರಿಯಿತು. "ಅಗಾ, ನಮ್ಮೂರ ರಸ್ತೆ!" ಎಂದು ಅವಳು ನಕ್ಕಳು. ಆ ನಗು ಗೋಪಾಲಪ್ಪ ಬಯಸಿದ್ದೇ; ಸ್ಕ್ರೀನಿನ ಹಸಿರು ಅವಳ ಮೂಗುಬೊಟ್ಟಿನಲ್ಲಿ ಮಿಂಚಿದ್ದೂ ಅವನು ಬಯಸಿದ್ದೇ. ಅದು ಬಿದ್ದದ್ದು ಮಾತ್ರ ಬೇರೆಯವನ ಆಟದ ಮೇಲೆ. ಮೆಲ್ಲಗೆ ತಟ್ಟು ಎಂದು ಹೇಳಲು ಆಗಲೂ ಹೊತ್ತಿತ್ತು. ಅವನು ಬಾಗಿಲ ಪಕ್ಕ ಕೈಕಟ್ಟಿ ನಿಂತ.

ರಸ್ತೆ ಬಲಕ್ಕೆ ತಿರುಗಿತು. ಭಾಗ್ಯಮ್ಮ ಕುಂಕುಮದ ಕೀಯನ್ನು ಜೋರಾಗಿ ಅದುಮಿದಳು. ಬಸ್ಸು ಸರಿಯಿತು. "ಸಾಕು ಸಾಕು!" ಎಂದು ಕೈ ಎತ್ತಿದಳು. ಬಸ್ಸು ಕೇಳಲಿಲ್ಲ. ಅಂಚು ದಾಟಿ ಹೋಯಿತು.

"ಅಕ್ಕಾ, ಟಿಕೆಟ್ ದುಡ್ಡು ವಾಪಸ್ ಕೊಡ್ಸಕ್ಕಾ!" ಎಂದು ಸೊಣ್ಣಪ್ಪ ಹಿಂದಿನಿಂದ ಕೂಗಿದ. ನಗೆ ಎದ್ದಿತು. ಭಾಗ್ಯಮ್ಮನೂ ನಕ್ಕಳು. ಮತ್ತೆ ಆಡಿದಳು. ಮತ್ತೆ ಅದೇ ತಿರುವು, ಅದೇ ಹಳ್ಳ.

"ನಾನು ಕೈ ತೆಗೆದಿದ್ದೆ," ಎಂದಳು, ಈಗ ನಗದೆ.

"ಹಳ್ಳಕ್ಕೆ ಬಿದ್ದ ಡ್ರೈವರೆಲ್ಲ ಯೋಳೋದು ಅದನ್ನೇ," ಎಂದ ಸೊಣ್ಣಪ್ಪ. "ಬ್ರೇಕ್ ಹಾಕಿದ್ದೆ ಸಾಮಿ, ಹಿಡೀಲಿಲ್ಲ!"

"ಇಲ್ಲ ಕಣಣ್ಣ, ನಿಜವಾಗ್ಲೂ ತೆಗೆದಿದ್ದೆ."

ವರದರಾಜನ್ ಬಗ್ಗಿ ಕೀಬೋರ್ಡು ನೋಡಿದರು. ಅವರ ಮುಖ ಬದಲಾಯಿತು. "ಕೈ ತೆಗೆದರೂ ಹೋಗ್ತಿದೆ ಅಂದರೆ ಕೀ ಒಟ್ಟಿಕ್ಕಿಚ್ಚು. ಅಂಟಿಕೊಂಡುಬಿಟ್ಟಿದೆ. ಕುಂಕುಮ ಒಳಗೆ ಹೋಗಿದೆ." ಗೋಪಾಲಪ್ಪನತ್ತ ತಿರುಗಿದರು. "ನೀವು ಆಗಲೇ ಹೇಳಿದಿರಿ. ನಾನು ಕೇಳಬೇಕಿತ್ತು. ಇನ್ನು ಮದ್ರಾಸಿಂದ ಇಂಜಿನಿಯರ್ ಬರಬೇಕು."

ನಗೆ ನಿಂತಿತು. ಪೂಜೆಯ ದಿನವೇ ಯಂತ್ರ ಕೆಟ್ಟಿತಂತೆ ಎಂದು ಬಾಗಿಲಲ್ಲಿ ಯಾರೋ ಪಿಸುಗುಟ್ಟಿದರು. ಆರತಿ ಎತ್ತಿದವಳೇ ಕೆಡಿಸಿದಳಂತೆ ಎಂದು ಆ ಮಾತು ಹೊರಗೆ ಹೋಗುವಷ್ಟರಲ್ಲಿ ಬೆಳೆದಿತ್ತು. ಚನ್ನಕೇಶವ ಬಿಳಿಚಿಕೊಂಡು ಕರವಸ್ತ್ರದಿಂದ ಕೀ ಒರೆಸುತ್ತಿದ್ದ. ಭಾಗ್ಯಮ್ಮ ಎದ್ದು ಗೋಡೆಯ ಪಕ್ಕ ಹೋಗಿ, ಕುಂಕುಮದ ಬೆರಳನ್ನು ಸೆರಗಿನಲ್ಲಿ ತಿಕ್ಕತೊಡಗಿದಳು.

ಗೋಪಾಲಪ್ಪ ಸ್ಕ್ರೀನು ನೋಡಿದ. ಆಟ ಮುಗಿದು, ಮತ್ತೆ ಆಡುವಿರಾ ಎಂದು ಕೇಳುವ ಸಾಲಿನ ಮುಂದೆ ಹಸಿರು ಎಲ್‌ಗಳ ಒಂದು ಸಾಲು ತಾನಾಗಿ ಬಂದು ನಿಂತಿತ್ತು. ಬಂದಿತ್ತು, ನಿಂತಿತ್ತು. ಕೀ ಅಂಟಿಕೊಂಡಿದ್ದರೆ ಅದು ನಿಲ್ಲುತ್ತಿರಲಿಲ್ಲ, ಈಗಲೂ ಬೆಳೆಯುತ್ತಿರಬೇಕಿತ್ತು. ಭಾಗ್ಯಮ್ಮ ಕೈ ತೆಗೆದಿದ್ದಳು ಎಂಬುದಕ್ಕೆ ಸಾಕ್ಷಿ ಎಲ್ಲರ ಕಣ್ಣೆದುರೇ ಇತ್ತು. ಓದಬಲ್ಲವನು ಅವನೊಬ್ಬನೇ.

"ಗೋಪಾಲಪ್ಪ, ಬೇರೆ ಕೀಗಳು ಸರಿಯಿವೆಯಲ್ಲ? ನಿಮ್ಮ ಆಟ ಹಾಕಿ. ಜನ ಕಾಯ್ತಿದ್ದಾರೆ," ಎಂದರು ವರದರಾಜನ್.

ಅವನ ಫ್ಲಾಪಿ ಅವನ ಜೇಬಿನಲ್ಲೇ ಇತ್ತು. ಯಾಕೆ ತಂದಿದ್ದನೆಂದು ಅವನೇ ತನ್ನನ್ನು ಕೇಳಿಕೊಂಡಿರಲಿಲ್ಲ. ಕುರ್ಚಿಯಲ್ಲಿ ಕೂತು ಫ್ಲಾಪಿ ಹಾಕಿದ. ಆಡು-ಹುಲಿಯ ಮನೆ ಗೆರೆ ಗೆರೆಯಾಗಿ ಮೂಡಿತು. ಮೇಲೆ ಹುಲಿಗಳು, ಸುತ್ತ ಖಾಲಿ ಜಾಗಗಳು, ಕೆಳಗೆ ಮಿನುಗುತ್ತ ಕಾಯುವ ಪ್ರಶ್ನೆ. "ಅಡಡಾ, ಆಡು-ಹುಲಿ!" ಎಂದು ಯಾರೋ ಹಿಗ್ಗಿದರು. ಅವನಿಗೆ ಬೇಕಾದ ಎಲ್ಲವೂ ಬೇಕಾದ ಜಾಗದಲ್ಲಿತ್ತು.

"ಭಾಗ್ಯಾ, ಬಾ. ನೀನೇ ಮೊದ್ಲು," ಎಂದ.

"ಬ್ಯಾಡ."

"ಇದು ನಿನ್ ಆಟ ಕಣೇ. ಬಾ."

"ನಾನು ಅದನ್ನ ಮುಟ್ಟಾಕಿಲ್ಲ. ಇನ್ನೂ ಏನಾದ್ರೂ ಕೆಡ್ಸಿಬಿಟ್ಟೇನು." ಅವಳ ದನಿ ಚಿಕ್ಕದಾಗಿತ್ತು. ಬೆರಳು ಒರೆಸುವುದನ್ನು ನಿಲ್ಲಿಸಿರಲಿಲ್ಲ. ಕೆಂಪು ಯಾವಾಗಲೋ ಹೋಗಿತ್ತು.

ಗೋಪಾಲಪ್ಪ ಆ ಬೆರಳು ನೋಡಿದ. ಪ್ರಶ್ನೆಯ ಮುಂದೆ ಮಿನುಗುವ ಚುಕ್ಕಿ ನೋಡಿದ. ಆಮೇಲೆ ತನ್ನ ಫ್ಲಾಪಿ ಹೊರಗೆಳೆದು, ಬಸ್ಸಿನದನ್ನು ಮತ್ತೆ ಹಾಕಿದ.

"ಸಾರ್, ಕೀ ಕೆಟ್ಟಿಲ್ಲ," ಎಂದ. "ನೋಡಿ." ಆಟ ಶುರುಮಾಡಿ, ಎಲ್ ಕೀ ಅದುಮಿ, ಎರಡು ಕೈಯನ್ನೂ ತಲೆಯ ಮೇಲಕ್ಕೆ ಎತ್ತಿದ. ಬಸ್ಸು ಸರಿಯುತ್ತಲೇ ಹೋಯಿತು. "ನನ್ ಕೈ ಎಲ್ಲೈತೆ ಸೊಣ್ಣಪ್ಪ?"

"ಪೊಲೀಸ್ರು ಹಿಡ್ದಂಗೆ ಮ್ಯಾಲೈತೆ ಸಾಮಿ."

"ಕೊನೇಗೆ ಬಂದ ಎಲ್ ಸಾಲು ನಿಂತೈತಲ್ಲ? ಅಂಟ್ಕೊಂಡಿದ್ರೆ ನಿಲ್ತಿರ್ಲಿಲ್ಲ. ಬೆರಳು ಎತ್ತಿದ್ರೂ ಒಳಗೆ ಕ್ಯೂ ನಿಂತಿರ್ತದೆ, ಗೇಟಲ್ಲಿ ನಾವು ನಿಂತಂಗೆ. ಅದನ್ನ ಖಾಲಿ ಮಾಡ್ಬೇಕಿತ್ತು, ಮಾಡಿಲ್ಲ. ಕುಂಕುಮದ್ದು ತಪ್ಪಲ್ಲ. ಅವ್ಳು ಕೈ ತೆಗೆದಿದ್ಲು."

ಹೇಳುತ್ತಲೇ ಪ್ರೋಗ್ರಾಮನ್ನು ತೆರೆದು, ಬೇಕಾದ ಜಾಗಕ್ಕೆ ನೇರವಾಗಿ ಹೋಗಿ, ಆ ಒಂದು ಸಾಲನ್ನು ಬರೆದ. ಯೋಚಿಸಲಿಲ್ಲ, ಹುಡುಕಲಿಲ್ಲ, ಒಂದು ಅಕ್ಷರವನ್ನೂ ತಿದ್ದಲಿಲ್ಲ. ಮತ್ತೆ ಆಟ ಹಾಕಿ, ಕೀ ಅದುಮಿ, ಕೈ ತೆಗೆದ. ಬಸ್ಸು ಕೈ ತೆಗೆದಲ್ಲೇ ನೇರವಾಯಿತು.

ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಭಾಗ್ಯಮ್ಮ ಗೋಡೆ ಬಿಟ್ಟು ಬಂದಳು. ಕೂರುವ ಮೊದಲು ತಟ್ಟೆಯಿಂದ ಮತ್ತೆ ಕುಂಕುಮ ತೆಗೆದು ಚನ್ನಕೇಶವ ಒರೆಸಿದ್ದ ಕೀಗೆ ಇಟ್ಟಳು. ಈ ಸಲ ಯಾರೂ ಬೇಡವೆನ್ನಲಿಲ್ಲ. ಬಸ್ಸು ಬಂಡೆ ದಾಟಿತು, ಕಣಿವೆ ದಾಟಿತು. ಅವಳು ತಿರುವಿಗೊಂದು ಸಲ "ಹಿಡ್ಕೊಳ್ರಪ್ಪೋ" ಎಂದು ಕೂಗುತ್ತ, ಹೆಂಗಸರನ್ನೆಲ್ಲ ನಗಿಸುತ್ತ, ಕೊನೆಯ ಸಾಲಿನವರೆಗೂ ಓಡಿಸಿದಳು. ಸ್ಕ್ರೀನಿನ ಮೇಲೆ ಬಂದದ್ದನ್ನು ಚನ್ನಕೇಶವ ಕಂಡಕ್ಟರನ ಹಾಗೆ ಓದಿದ. "ನಾಟ್ರಾಂಪಾಳ್ಯ! ನಾಟ್ರಾಂಪಾಳ್ಯ! ಇಳೀರಿ ಇಳೀರಿ, ಕೋಳಿ ಮರೀಬೇಡಿ!"

"ನನ್ ತವರಿಗೆ ಕರ್ಕೊಂಡೋಗಿ ಬಿಟ್ಟೆ ಕಣಪ್ಪಾ," ಎಂದಳು ಭಾಗ್ಯಮ್ಮ ಅವನಿಗೆ. ಕಣ್ಣು ಒದ್ದೆಯಾಗಿತ್ತು.

ವರದರಾಜನ್ ಚನ್ನಕೇಶವನ ಬೆನ್ನು ತಟ್ಟಿದರು. ಆಮೇಲೆ ಮಕ್ಕಳು ಸಾಲು ಹಚ್ಚಿದರು. ಗೋಪಾಲಪ್ಪ ತನ್ನ ಫ್ಲಾಪಿಯನ್ನು ಕವರಿಗೆ ಹಾಕಿ ಜೇಬಿಗಿಟ್ಟುಕೊಂಡ. ಸರಿಯಾದದ್ದನ್ನು ಮಾಡಿದರೆ ಒಳಗಿನ ಉರಿ ಆರುತ್ತದೆಂದು ಅವನು ಎಲ್ಲೋ ನಂಬಿದ್ದ. ಅದು ಆರಲಿಲ್ಲ. ಈಗ ಆ ಆಟದಲ್ಲಿ ತಪ್ಪೇ ಇರಲಿಲ್ಲ.

ಮನೆಗೆ ನಡೆದು ಹೋಗುವಾಗ ಮೂವರೂ ಇದ್ದರು. ಚನ್ನಕೇಶವ ಪುರಿಯ ಪೊಟ್ಟಣ ಹಿಡಿದು, "ಸಾರ್ ಇಲ್ಲದಿದ್ದರೆ ನನ್ನ ಮಾನ ಹೋಗ್ತಿತ್ತು ಅಕ್ಕಾ. ನಾನು ಒಂದು ವಾರ ತಟ್ಟಿ ತಟ್ಟಿ ನೋಡಿದ್ದೆ, ಹಿಡಿದು ನೋಡಿರಲಿಲ್ಲ. ಸಾರ್ ಒಂದೇ ನೋಟಕ್ಕೆ ಹಿಡಿದರು," ಎಂದು ದಾರಿಯುದ್ದಕ್ಕೂ ಹೇಳಿದ. ಅವನು ಮುಂದೆ ಹೋಗಿ ಬೀಗ ತೆಗೆಯುವಾಗ ಭಾಗ್ಯಮ್ಮ ನಿಂತಳು.

"ಏನೂಂದ್ರೆ. ಒಂದೇ ನೋಟಕ್ಕಾ?"

ಗೋಪಾಲಪ್ಪ ಬೀಗ ತೆಗೆಯುತ್ತಿದ್ದ ಹುಡುಗನ ಕಡೆ ನೋಡಿದ.

"ನೀವ್ ಲೆಕ್ಕ ಮಾಡೋವಾಗ ನಾನು ನೋಡಿಲ್ವಾ? ಹಾಲಿನ ಲೆಕ್ಕಕ್ಕೂ ಎರಡು ಸಲ ಹೊಡೆದಾಕಿ ಬರೀತೀರಿ. ಅಲ್ಲಿ ಬಾಯಿಪಾಠ ಒಪ್ಪಿಸ್ದಂಗೆ ಬರ್ದ್ರಿ. ಯಾವತ್ತಿಂದ ಗೊತ್ತಿತ್ತು?"

"ಶನಿವಾರದಿಂದ."

"ಅಂದ್ರೆ ನಾನು ಕುರ್ಚಿ ಮ್ಯಾಲೆ ಕೂತಾಗ ಗೊತ್ತಿತ್ತು."

"ಹೂಂ."

"ಎಲ್ರೂ ನಗೋವಾಗ."

ಅವಳು ಬೈಯುತ್ತಾಳೆಂದು ಗೋಪಾಲಪ್ಪ ಕಾದ. ಅವಳು ಬೈಯದೆ ಒಳಗೆ ಹೋಗಿ, ಸೀಮೆಸುಣ್ಣದ ತುಂಡು ತಂದು, ಜಗಲಿಯ ಸಿಮೆಂಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಗೆರೆ ಎಳೆಯತೊಡಗಿದಳು. ಆಡು-ಹುಲಿಯ ಮನೆ. ಹುಣಿಸೆ ಬೀಜ ಆಡುಗಳು, ಕಲ್ಲು ಹುಲಿಗಳು.

ಗೋಪಾಲಪ್ಪ ಎದುರಿಗೆ ಕೂರಲು ಬಗ್ಗಿದ.

"ನೀವಲ್ಲ," ಎಂದಳು. "ಚನ್ನಕೇಶವಾ! ಬಾ ಇಲ್ಲಿ. ನೀನು ಹುಲಿ, ನಾನು ಆಡು. ನಿನ್ ಬಸ್ಸು ನಾನು ಓಡ್ಸಿದ್ನಲ್ಲ, ಈಗ ನಮ್ ಆಟ ನೀನು ಕಲಿ."

ಹುಡುಗ ಕಾಲು ಮಡಚಿ ಖುಷಿಯಿಂದ ಕೂತ. ಗೋಪಾಲಪ್ಪ ಕಂಬಕ್ಕೆ ಒರಗಿ ನಿಂತ. ಆಡುಗಳು ಒಂದೊಂದಾಗಿ ಮನೆಗೆ ಇಳಿದವು. ಭಾಗ್ಯಮ್ಮನ ಗಮನ ಆಟದ ಮೇಲೆ ಇದ್ದಂತಿರಲಿಲ್ಲ. ಎಡಮೂಲೆಯಲ್ಲಿ ಒಂದು ಬೀಜದ ಹಿಂದಿನ ಜಾಗ ಖಾಲಿಯಾಗಿತ್ತು, ಹುಲಿ ಹಾರಿದರೆ ಆ ಆಡು ಹೋಯಿತು. ಅವಳಂಥವಳು ಬಿಡುವ ಜಾಗವಲ್ಲ ಅದು.

"ಭಾಗ್ಯಾ, ಆ ಮೂಲೆ—" ಎಂದ.

ಅವಳು ಕತ್ತು ತಿರುಗಿಸಲಿಲ್ಲ.

"ಗೊತ್ತಿದ್ರೂ ಯೋಳ್ಬ್ಯಾಡಿ," ಎಂದಳು. "ಅಭ್ಯಾಸ ಐತಲ್ಲ ನಿಮ್ಗೆ."

ಚನ್ನಕೇಶವ ಏನೂ ತಿಳಿಯದೆ ಇಬ್ಬರನ್ನೂ ನೋಡಿ ನಕ್ಕು, ಕಲ್ಲನ್ನು ಎತ್ತಿ ಮೂಲೆಯ ಬೀಜದ ಮೇಲೆ ಹಾರಿಸಿದ. ಗೋಪಾಲಪ್ಪ ನೋಡುತ್ತ ನಿಂತ. ಆಟ ಮುಗಿಯುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.